ವಿಲಿಯಂ ಕಪೆಲ್: ಎಲ್ಲಿಂದ ಕೇಳಲು ಶುರುಮಾಡಬೇಕು?

ಚಿಕ್ಕ ವಯಸ್ಸಿಗೇ ತೀರಿಕೊಂಡ, ಯೋಗ್ಯತೆಗೆ ತಕ್ಕ ಹೆಸರು ಬಾರದ ಪಿಯಾನೋ ವಾದಕರು ಯಾರು, ಏನು ಕೇಳಬೇಕು ಎಂದು ಕೇಳಿದ್ದೀರಿ. ನಾನು ಹೇಳುವುದು ವಿಲಿಯಂ ಕಪೆಲ್. ಹುಟ್ಟಿದ್ದು 1922ರಲ್ಲಿ, ನ್ಯೂಯಾರ್ಕ್‌ನಲ್ಲಿ. ಪಿಯಾನೋ ಗುರು ಓಲ್ಗಾ ಸಮರಾಫ್ ಅವರ ಶಿಷ್ಯ. 1953ರ ಅಕ್ಟೋಬರ್ 29ರಂದು ಆಸ್ಟ್ರೇಲಿಯಾ ಪ್ರವಾಸ ಮುಗಿಸಿ ವಾಪಸಾಗುವಾಗ ವಿಮಾನ ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಗುಡ್ಡಕ್ಕೆ ಬಡಿಯಿತು. ಆಗ ಅವರಿಗೆ 31.

ಹೆಸರು ಮಂಕಾಗಲು ಎರಡು ಕಾರಣ. ಅವರ ರೆಕಾರ್ಡ್ ಕಂಪನಿ ಆರ್‌ಸಿಎ ಸ್ಟೀರಿಯೋ (ಎಡಕ್ಕೂ ಬಲಕ್ಕೂ ಬೇರೆ ಬೇರೆ ಧ್ವನಿ) ಧ್ವನಿಮುದ್ರಣಕ್ಕೆ ಇಳಿದದ್ದು 1954ರಲ್ಲಿ. ಹಾಗಾಗಿ ಕಪೆಲ್ ಅವರದೆಲ್ಲ ಮೋನೋ, ಅಂದರೆ ಎರಡೂ ಕಿವಿಗೆ ಒಂದೇ ಧ್ವನಿ. ಸ್ಟೀರಿಯೋ ಬಂದ ಮೇಲೆ ಹಳೆಯದನ್ನು ಕೇಳುವವರು ಕಡಿಮೆಯಾದರು. ಇನ್ನೊಂದು, 1946ರಲ್ಲಿ ನಿರ್ವಾಹಕ ಕೂಸೆವಿಟ್ಸ್ಕಿ ಮತ್ತು ಬಾಸ್ಟನ್ ಸಿಂಫನಿ ವಾದ್ಯವೃಂದದ ಜೊತೆ ಮುದ್ರಿಸಿದ, ಸಂಗೀತ ರಚನಕಾರ ಖಚಟೂರಿಯನ್‌ನ ಪಿಯಾನೋ ಕಾನ್ಸರ್ಟೊ (ವಾದ್ಯವೃಂದದ ಜೊತೆ ಪಿಯಾನೋ ನುಡಿಸುವ ಕೃತಿ). ಅಬ್ಬರದ ಕೃತಿ, ಚೆನ್ನಾಗಿ ಮಾರಾಟವಾಯಿತು, 'ಬೆರಳಿನ ವೇಗದವನು' ಎಂಬ ಹಣೆಪಟ್ಟಿ ಅಂಟಿತು. ಅದರಿಂದ ಶುರುಮಾಡಬೇಡಿ.

ಮೊದಲು ರಚನಕಾರ ಶೋಪ್ಯಾನ್‌ನ ಮೂರನೇ ಸೊನಾಟಾ (ಹಲವು ಭಾಗಗಳ ಪಿಯಾನೋ ಕೃತಿ), ಅದರಲ್ಲೂ ಕೊನೆಯ ಭಾಗ. ಮುಖ್ಯ ಧಾಟಿ ಮೂರು ಸಲ ಬರುತ್ತದೆ, ಪ್ರತಿ ಸಲವೂ ಎಡಗೈ ಕೆಲಸ ಹೆಚ್ಚುತ್ತದೆ: ಬಲಗೈಯ ಮೂರು ಸ್ವರಗಳ ಅವಧಿಯಲ್ಲಿ ಮೊದಲ ಸಲ ಮೂರು, ಎರಡನೇ ಸಲ ನಾಲ್ಕು, ಮೂರನೇ ಸಲ ಆರು. ಶುರುವಿನಲ್ಲೇ ಓಡಿದವರು ಮೂರನೇ ಸುತ್ತಿನಲ್ಲಿ ಸಿಕ್ಕಿಬೀಳುತ್ತಾರೆ: ಲಯ ಇಳಿಸಬೇಕು, ಇಲ್ಲವೇ ಸ್ವರಗಳನ್ನು ಒಂದರೊಳಗೊಂದು ಬೆರೆಸುವ ಕಾಲಿನ ಪೆಡಲ್ ಒತ್ತಿ ಗದ್ದಲದಲ್ಲಿ ಮುಚ್ಚಿಕೊಳ್ಳಬೇಕು. ಕಪೆಲ್ ಎರಡನ್ನೂ ಮಾಡುವುದಿಲ್ಲ. ಬಲಗೈಯನ್ನು ಮರೆತು ಎಡಗೈಯನ್ನೇ ಹಿಂಬಾಲಿಸಿ ಕೇಳಿ, ಗೊತ್ತಾಗುತ್ತದೆ.

ಆಮೇಲೆ ಶೋಪ್ಯಾನ್‌ನ ಮಜುರ್ಕಾಗಳು, ದಿನಕ್ಕೆ ಎರಡೋ ಮೂರೋ ಸಾಕು. ಪೋಲೆಂಡಿನ ಮೂರು ಎಣಿಕೆಯ ಕುಣಿತ, ಒತ್ತು ಮಾತ್ರ ಆಗಾಗ ಎರಡನೆಯದಕ್ಕೋ ಮೂರನೆಯದಕ್ಕೋ ಜಾರುತ್ತದೆ. ಅದನ್ನು ಎತ್ತಿ ತೋರಿಸಲು ಹೋದರೆ ಕುಂಟಿದಂತಾಗುತ್ತದೆ. ಇವರ ಕೈಯಲ್ಲಿ ಹಾಗಾಗಿಲ್ಲ. ಬಾಖ್‌ನ ನಾಲ್ಕನೇ ಪಾರ್ಟಿಟಾ (ಹಲವು ಕುಣಿತಗಳ ಸರಣಿ) ಕೂಡ ಕೇಳಿ. ನನ್ನ ಮಟ್ಟಿಗೆ ಖಚಟೂರಿಯನ್‌ಗಿಂತ ಇದು ಎಷ್ಟೋ ಮೇಲು.

ಹೆಡ್‌ಫೋನ್‌ನಲ್ಲಿ ಶಬ್ದ ತಲೆಯ ನಡುವೆ ನಿಂತಂತೆ ಕೇಳಿದರೆ ಗಾಬರಿ ಬೇಡ, ಮೋನೋ ಇರುವುದೇ ಹಾಗೆ. ಫೋನಿನ 'ಸರೌಂಡ್' ಎಫೆಕ್ಟ್ ಆಫ್ ಮಾಡಿ. 'ನಾಯ್ಸ್ ತೆಗೆದಿದ್ದೇವೆ' ಎಂದು ಯಾರೋ ಏರಿಸಿದ ವಿಡಿಯೋಗಳಲ್ಲಿ ಸುಯ್ ಎನ್ನುವ ಸದ್ದಿನ ಜೊತೆಗೆ ತಂತಿಗೆ ಸುತ್ತಿಗೆ ತಾಗುವ ಚೂಪೂ ಹೋಗಿರುತ್ತದೆ. ಉಳಿಯುವುದು ಕಂಬಳಿ ಹೊದಿಸಿದ ಪಿಯಾನೋ. 1998ರಲ್ಲಿ ಆರ್‌ಸಿಎ ತಂದ 9 ಸಿಡಿಗಳ ಸೆಟ್ ಸಿಕ್ಕರೆ ಅದೇ ಒಳ್ಳೆಯದು. ಆಪ್‌ಗಳಲ್ಲಿ ಕಾಣುವ ಇಸವಿ ಮರುಬಿಡುಗಡೆಯದ್ದಾಗಿರಬಹುದು, ಅದನ್ನು ನಂಬಬೇಡಿ.

ಕಟ್ಟಕಡೆಗೆ ಆ ಕೊನೆಯ ಪ್ರವಾಸದ ಆಸ್ಟ್ರೇಲಿಯಾ ಕಛೇರಿಗಳು. ರೇಡಿಯೋದಲ್ಲಿ ಬಂದದ್ದನ್ನು ಕೇಳುಗರೊಬ್ಬರು ಮನೆಯಲ್ಲೇ ಅಸಿಟೇಟ್ ಡಿಸ್ಕ್‌ಗಳ (ನೇರವಾಗಿ ಧ್ವನಿ ಕೊರೆಯಬಹುದಾದ ಮೆತ್ತನೆಯ ತಟ್ಟೆಗಳ) ಮೇಲೆ ಕೊರೆದುಕೊಂಡಿದ್ದರು. 2008ರಲ್ಲಿ ಎರಡು ಸಿಡಿಗಳಾಗಿ ಹೊರಬಂತು. ಅದರಲ್ಲಿ ಪ್ರೊಕೊಫಿಯೆವ್‌ನ ಏಳನೇ ಸೊನಾಟಾ ಇದೆ. ಅದರ ಕೊನೆಯ ಭಾಗ ಏಳು ಎಣಿಕೆಯದು. ಕರ್ನಾಟಕ ಸಂಗೀತದ ಅಭ್ಯಾಸವಿದ್ದರೆ ಕೈ ತಾನಾಗಿ ಏಳೆಣಿಕೆಯ ತಾಳವಾದ ಮಿಶ್ರಛಾಪಿಗೆ ಹೋಗುತ್ತದೆ, ಎರಡೇ ಆವರ್ತನದಲ್ಲಿ ತಪ್ಪುತ್ತದೆ. ಛಾಪು 3+4, ಇದು 2+3+2. ಹಾಗೆ ಎಣಿಸಿದರೆ ನಡೆ ಕೈಗೆ ಸಿಗುತ್ತದೆ. ಡಿಸ್ಕ್‌ನ ಚಟಪಟ ಸದ್ದು ವಿಪರೀತ, ಆದ್ದರಿಂದ ಮೊದಲ ದಿನವೇ ಇದಕ್ಕೆ ಕೈಹಾಕಬೇಡಿ.