ಐದು ಎಕರೆ ಸಿಗುತ್ತೆ, ನೀರು?

ತಮ್ಮಾ, ಅಮೆರಿಕದ ಪಶ್ಚಿಮ ಕನ್ಸಾಸಿನ ಗಾರ್ಡನ್ ಸಿಟಿಯಲ್ಲಿ ಕೆಲಸ ಸಿಕ್ಕಿದೆ, ಊರಾಚೆ ಐದು ಎಕರೆ ಇರೋ ಮನೆ ಅಗ್ಗಕ್ಕಿದೆ, ತೋಟ ಮಾಡಬಹುದಾ, ರೈಲಿದೆಯಲ್ಲ ಕಾರು ಬೇಕಾ ಅಂತ ಕೇಳಿದ್ದೀಯ.

ಕಾರು ಬೇಕು. ಷಿಕಾಗೋ–ಲಾಸ್ ಏಂಜಲೀಸ್ ರೈಲು ದಿನಕ್ಕೆ ಆ ಕಡೆಗೊಂದು, ಈ ಕಡೆಗೊಂದು, ಅಷ್ಟೇ. ಪೂರ್ವಕ್ಕೆ ಹೋಗೋ ರೈಲು ಇಲ್ಲಿಗೆ ಬರೋದು ಮಧ್ಯರಾತ್ರಿ ಕಳೆದ ಮೇಲೆ. ಮಿಕ್ಕಿದ್ದೆಲ್ಲ ಗೂಡ್ಸು. ಗೇಟು ಬಿದ್ದರೆ ಧಾನ್ಯದ ವ್ಯಾಗನ್ ಎಣಿಸ್ತಾ ಕೂತಿರು.

ತೋಟದ ಮಾತು ಬೇರೆ. ಮೊದಲು ಅರ್ಕಾನ್ಸಸ್ ನದಿ ಸೇತುವೆ ಮೇಲೆ ಹೋಗಿ ನಿಂತು ನೋಡು. ಬಹುಪಾಲು ದಿನ ಕೆಳಗೆ ಬರೀ ಮರಳು, ಅದರ ಮೇಲೆ ಟೈರಿನ ಗುರುತು! ನದಿಯ ಮೇಲ್ಭಾಗದಲ್ಲಿರೋ ಪಕ್ಕದ ರಾಜ್ಯ ಕೊಲೊರಾಡೊ ಬೋರು ಹೊಡೆದು ನಮ್ಮ ಪಾಲು ಎಳ್ಕೊಳ್ತಿದೆ ಅಂತ ಕನ್ಸಾಸ್ 1985ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯ್ತು. ಎರಡೂ ರಾಜ್ಯದ ನಡುವಿನ 1949ರ ನೀರು ಹಂಚಿಕೆ ಒಪ್ಪಂದವನ್ನ ಕೊಲೊರಾಡೊ ಮುರಿದದ್ದು ಹೌದು ಅಂತ 1995ರಲ್ಲಿ ತೀರ್ಪು ಬಂತು. ಕಾವೇರಿ ಗಲಾಟೆ ನೋಡಿ ಬೆಳೆದ ನಿನಗೆ ಇದನ್ನ ಬಿಡಿಸಿ ಹೇಳಬೇಕಾ?

ಹೊಲಗಳು ಬದುಕಿರೋದು ಒಗಲಾಲ ಅನ್ನೋ ನೆಲದಡಿಯ ದೊಡ್ಡ ಅಂತರ್ಜಲದ ನೀರಿಂದ. ನಡುವೆ ಬೋರು, ಅದರ ಸುತ್ತ ಕಾಲು ಮೈಲಿ ಉದ್ದದ ಪೈಪು ಗಾಲಿ ಮೇಲೆ ನಿಧಾನಕ್ಕೆ ಸುತ್ತುತ್ತೆ. ವಿಮಾನದಿಂದ ನೋಡಿದ್ರೆ ಹಸಿರು ದೋಸೆ ಹುಯ್ದ ಹಾಗೆ. ಆ ನೀರಿಗೆ ಮೆಕ್ಕೆಜೋಳ, ಆ ಜೋಳಕ್ಕೆ ಫೀಡ್‌ಲಾಟಿನ, ಅಂದ್ರೆ ಮಾಂಸಕ್ಕಾಗಿ ಕೂಡಿಹಾಕಿ ಮೇಯಿಸೋ ದೊಡ್ಡ ದೊಡ್ಡಿಗಳ ದನ. ಮಳೆ ವರ್ಷಕ್ಕೆ ಸುಮಾರು 20 ಇಂಚು; ಇಂಗೋದು ಚೂರು, ಎತ್ತೋದು ರಾಶಿ. ನಾನು ಕೋಲಾರದವಳು, ಈ ಕಥೆ ಎಲ್ಲಿಗೆ ಹೋಗುತ್ತೆ ಅಂತ ಗೊತ್ತು.

ಆದ್ರೆ ಕೋಲಾರದ ಹಾಗೆ ಇಲ್ಲಿ ಗಾಡಿ ಕರೆಸಿ ಬೋರು ಹೊಡೆಸೋಕಾಗಲ್ಲ. 1945ರ ಕಾನೂನು: ಮೊದಲು ನೀರು ಬಳಸಿದವನಿಗೆ ಮೊದಲ ಹಕ್ಕು. ಮನೆ ಬಳಕೆಗೂ 2 ಎಕರೆ ತನಕದ ಹಿತ್ತಲಿಗೂ ಪರವಾನಗಿ ಬೇಡ. ಉಳಿದ ಮೂರು ಎಕರೆಗೆ ನೀರು ಹಾಯಿಸೋಕೆ ನೀರಿನ ಹಕ್ಕು ಬೇಕು. ಈ ಭಾಗದಲ್ಲಿ ಹೊಸ ಹಕ್ಕಿನ ಬಾಗಿಲು ಬಹುಮಟ್ಟಿಗೆ ಮುಚ್ಚಿದೆ. ಅದಕ್ಕೇ ಮನೆ ಎಷ್ಟು ಬೆಡ್‌ರೂಮು ಅಂತ ಕೇಳೋಕೆ ಮುಂಚೆ ಬೋರು ಎಷ್ಟು ಆಳ, ನೀರು ಎಷ್ಟು ಅಡಿಗಿದೆ, ಗೊಬ್ಬರ, ಸಗಣಿಯಿಂದ ನೀರಿಗೆ ಇಳಿಯೋ ನೈಟ್ರೇಟಿನ ಪರೀಕ್ಷೆ ಯಾವಾಗ ಆಯ್ತು ಅಂತ ಕೇಳು.

ಇನ್ನೊಂದು, ಗಾಳಿ. ಕೊಟ್ಟಿಗೆ ವಾಸನೆ ನನಗೇನು ಹೊಸದಾ ಅಂದ್ಕೊಂಡು ಮೊದಲ ಬೇಸಿಗೆಯಲ್ಲಿ ಆರು ಕಾಟನ್ ಸೀರೆ ಒಗೆದು ಹಗ್ಗಕ್ಕೆ ಹಾಕಿದೆ. ಮಧ್ಯಾಹ್ನ ಗಾಳಿ ತಿರುಗ್ತು. ಸಾವಿರಾರು ದನಗಳ ಸಗಣಿ ಧೂಳು ಕೂತು ಬಿಳಿ ಅಂಚೆಲ್ಲ ಕಂದು. ಮತ್ತೆರಡು ಸಲ ಒಗೆದರೂ ವಾಸನೆ ಹೋಗಲಿಲ್ಲ. ಪಕ್ಕದ ಮನೆ ಅಜ್ಜಿ ನಕ್ಕು, "ಅದು ದುಡ್ಡಿನ ವಾಸನೆ ಕಣಮ್ಮಾ" ಅಂದ್ರು. ಇಲ್ಲಿ ಎಲ್ಲರೂ ಹೇಳೋ ಮಾತೇ ಅದು.

ಮನೆ ನೋಡೋಕೆ ಆಗಸ್ಟಿನಲ್ಲಿ ಬಾ, ಗಾಳಿ ಇರೋ ದಿನವೇ ಬಾ. ಊಟಕ್ಕೆ ನಮ್ಮನೆಗೆ, ಮುದ್ದೆ, ಬಸ್ಸಾರು.