ಓದುಗರ ಪ್ರಶ್ನೆ, ತಜ್ಞರ ಉತ್ತರ: ಹಳೆಯ ಮೋಟರ್‌ಹೋಮ್‌ನ ಆಲ್ಟರ್ನೇಟರ್

ಪ್ರಶ್ನೆ: ನಮ್ಮದು 25 ವರ್ಷ ಹಳೆಯ ಡೀಸೆಲ್ ಮೋಟರ್‌ಹೋಮ್, 12 ವೋಲ್ಟ್‌ನದು. ಓಡಿಸುವಾಗ ಬ್ಯಾಟರಿ ದೀಪ ಮಂದವಾಗಿ ಉರಿಯುತ್ತಲೇ ಇರುತ್ತದೆ. ಎರಡು ದಿನ ನಿಲ್ಲಿಸಿದರೆ ಸ್ಟಾರ್ಟ್ ಆಗುವುದಿಲ್ಲ. ಬ್ಯಾಟರಿ ಹೊಸದು. ಆಲ್ಟರ್ನೇಟರ್ ಬದಲಿಸಬೇಕೇ?

ಉತ್ತರ: ಈಗಲೇ ಬೇಡ. ಈ ಎರಡು ಲಕ್ಷಣ ಜೊತೆಯಾಗಿ ಬಂದಾಗ ಮೊದಲ ಅನುಮಾನ ಆಲ್ಟರ್ನೇಟರ್ (ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಜನರೇಟರ್) ಒಳಗಿನ ಡಯೋಡ್ ಮೇಲೆ, ಅಂದರೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗದ ಮೇಲೆ ಬರುತ್ತದೆ, ನಿಜ. ಡಯೋಡ್ ಸೋರಿದರೆ ಚಾರ್ಜ್ ತಗ್ಗುತ್ತದೆ. ಎಂಜಿನ್ ನಿಂತ ಮೇಲೆ ಬ್ಯಾಟರಿಯ ಕರೆಂಟ್ ಅದರ ಮೂಲಕವೇ ಹಿಂದಕ್ಕೆ ಹರಿದುಹೋಗುತ್ತದೆ. ಆದರೆ ತುಕ್ಕು ಹಿಡಿದ ಕೇಬಲ್ ಕೂಡ ದೀಪವನ್ನು ಹೀಗೆಯೇ ಉರಿಸಬಲ್ಲದು. ಮಲ್ಟಿಮೀಟರ್ ಹಿಡಿಯದೆ ಏನನ್ನೂ ಬಿಚ್ಚಬೇಡಿ.

ಮೊದಲು ಆಲ್ಟರ್ನೇಟರ್ ತಿರುಗಿಸುವ ಬೆಲ್ಟ್ ನೋಡಿ. ಸಡಿಲವಾಗಿದ್ದರೆ, ಹೊಳಪು ಬಂದು ಜಾರುತ್ತಿದ್ದರೆ ಮುಂದಿನ ಅಳತೆಗಳಿಗೆ ಅರ್ಥವಿಲ್ಲ. ರಾತ್ರಿಯಿಡೀ ನಿಂತ ಪೂರ್ತಿ ಚಾರ್ಜಿನ ಬ್ಯಾಟರಿಯಲ್ಲಿ ಸುಮಾರು 12.6 ವೋಲ್ಟ್ ಇರಬೇಕು. ಎಂಜಿನ್ ಓಡಿಸಿ, ವೇಗ ಸ್ವಲ್ಪ ಏರಿಸಿ ಅಳೆದರೆ 13.8ರಿಂದ 14.4 ಬರಬೇಕು. 15 ದಾಟಿದರೆ ವೋಲ್ಟೇಜನ್ನು ಮಿತಿಯಲ್ಲಿಡುವ ರೆಗ್ಯುಲೇಟರ್ ಕೆಟ್ಟಿದೆ. ಬ್ಯಾಟರಿ ಕುದಿದು ಹಾಳಾಗುವ ಮೊದಲೇ ಬದಲಿಸಿ.

13ಕ್ಕಿಂತ ಕಡಿಮೆ ಬಂದರೆ ಹೆಡ್‌ಲೈಟ್ ಮತ್ತು ಬ್ಲೋವರ್ ಹಾಕಿ, ಮೀಟರಿನ ಒಂದು ಕಡ್ಡಿಯನ್ನು ಆಲ್ಟರ್ನೇಟರಿನ ದಪ್ಪ ವಯರ್ ಕಚ್ಚಿರುವ ಬೋಲ್ಟಿಗೂ ಇನ್ನೊಂದನ್ನು ಬ್ಯಾಟರಿಯ ಪ್ಲಸ್‌ಗೂ ಇಡಿ. 0.3 ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ದೋಷ ವಯರಿನಲ್ಲಿದೆ. ಆಲ್ಟರ್ನೇಟರ್ ಮೈಗೂ ಬ್ಯಾಟರಿಯ ಮೈನಸ್‌ಗೂ ನಡುವೆ 0.2 ದಾಟಿದರೆ ಎಂಜಿನ್ನಿನ ಅರ್ತ್ ಪಟ್ಟಿ ಬಿಚ್ಚಿ, ಲೋಹ ಹೊಳೆಯುವಷ್ಟು ಉಜ್ಜಿ ಬಿಗಿಯಿರಿ. ತಿಂಗಳುಗಟ್ಟಲೆ ನಿಂತ ಗಾಡಿಗಳಲ್ಲಿ ಇದನ್ನು ಎಂದೂ ಕಡೆಗಣಿಸಬಾರದು.

ಎರಡೂ ಸರಿಯಿದ್ದರೆ ಮೀಟರನ್ನು ಎಸಿ ವೋಲ್ಟ್ ಅಳತೆಗೆ ತಿರುಗಿಸಿ, ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ ಅಳೆಯಿರಿ. ಅರ್ಧ ವೋಲ್ಟ್ ದಾಟಿದರೆ ಡಯೋಡ್ ಹೋಗಿದೆ ಎನ್ನಬಹುದು. ಇನ್ನೂ ಸುಲಭದ ಗುರುತು: ನಾಲ್ಕೈದು ಗಂಟೆ ನಿಂತು ಎಂಜಿನ್ ತಣ್ಣಗಾಗಿದ್ದರೂ ಆಲ್ಟರ್ನೇಟರ್ ಮಾತ್ರ ಬೆಚ್ಚಗಿದ್ದರೆ ಸೋರಿಕೆ ಅಲ್ಲೇ. ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ ಮಾತ್ರ ಸವೆದಿದ್ದರೆ ಪೂರ್ತಿ ಆಲ್ಟರ್ನೇಟರ್ ಬೇಕಿಲ್ಲ. ಹಳೆಯ ಮಾದರಿಗಳಲ್ಲಿ ಬ್ರಷ್ ಮತ್ತು ರೆಗ್ಯುಲೇಟರ್ ಹೆಚ್ಚಾಗಿ ಒಂದೇ ತುಂಡಾಗಿ, ಎರಡು ಸ್ಕ್ರೂನಲ್ಲಿ ಹೊರಬರುತ್ತವೆ.

ಆಲ್ಟರ್ನೇಟರಿಗೆ ಕೈ ಹಾಕುವ ಮುನ್ನ ಬ್ಯಾಟರಿಯ ಮೈನಸ್ ತೆಗೆಯಿರಿ. ಎಂಜಿನ್ ಓಡುವಾಗ ಬ್ಯಾಟರಿ ಕಳಚಿ ‘ಪರೀಕ್ಷಿಸುವ’ ಹಳೆಯ ಪದ್ಧತಿ ಖಂಡಿತ ಬೇಡ. ಆ ಕ್ಷಣ ವೋಲ್ಟೇಜ್ ಜಿಗಿದು, ಸರಿಯಿದ್ದ ಡಯೋಡನ್ನೂ ಸುಡಬಹುದು.

ಪ್ರಶ್ನೆ: ಮೋಟರ್‌ಹೋಮ್‌ನ ಮನೆಭಾಗದ (ಒಳಗಿನ ದೀಪ ಇತ್ಯಾದಿಗಳ) ಬ್ಯಾಟರಿಯನ್ನು ಲಿಥಿಯಂಗೆ ಬದಲಿಸಿದರೆ ಆಲ್ಟರ್ನೇಟರಿಗೆ ತೊಂದರೆಯೇ?

ಉತ್ತರ: ಎರಡು ಬ್ಯಾಟರಿಗಳನ್ನು ನೇರವಾಗಿ ಕೂಡಿಸುವ ಸ್ವಿಚ್, ಅಂದರೆ ಹಳೆಯ ರಿಲೇ ಮೂಲಕವೇ ಜೋಡಿಸಿದರೆ ತೊಂದರೆ. ಖಾಲಿಯಾದ ಲಿಥಿಯಂ ಬ್ಯಾಟರಿ ಎಷ್ಟು ಕೊಟ್ಟರೂ ಎಳೆದುಕೊಳ್ಳುತ್ತದೆ. ಐಡ್ಲಿಂಗ್‌ನಲ್ಲಿ ಆಲ್ಟರ್ನೇಟರಿನದೇ ಫ್ಯಾನ್ ನಿಧಾನವಾಗಿ ತಿರುಗುವುದರಿಂದ ಅದು ತಣಿಯದೆ ಸುಡಬಹುದು. ನಡುವೆ, ಎಳೆಯುವ ಕರೆಂಟನ್ನು ಮಿತಿಯಲ್ಲಿಡುವ ಡಿಸಿ-ಡಿಸಿ ಚಾರ್ಜರ್ ಹಾಕಿ. 90 ಆಂಪಿಯರ್ ಆಲ್ಟರ್ನೇಟರಿಗೆ 30 ಆಂಪಿಯರ್‌ನದು ಸಾಕು. ಬ್ಯಾಟರಿ ಪೂರ್ತಿ ಇಳಿದಿದ್ದರೆ ಹೊರಡುವ ಮೊದಲೇ ಮೇನ್ಸ್ ಚಾರ್ಜರಿನಿಂದ ತುಂಬಿಸಿಕೊಳ್ಳಿ.