ಟವರಿನಿಂದ ದೊಡ್ಡ ಅಂಗಡಿ ಹಿಂದೆ ಸರಿದಿದೆ. ಮೇಲೆ ಮನೆ ಬುಕ್ ಮಾಡಿದವರು ಚಿಂತೆ ಮಾಡಬೇಕಾ?

ನಿಮ್ಮ ಪ್ರಶ್ನೆ ಇದು: ಕೆಲಸ ಪದೇ ಪದೇ ನಿಲ್ಲುತ್ತಿರುವ ಒಂದು ಎತ್ತರದ ಟವರಿನಲ್ಲಿ ಮನೆ ಬುಕ್ ಮಾಡಿದ್ದೀರಿ. ಕೆಳಗಿನ ಮಹಡಿಗಳಿಗೆ ಬರಬೇಕಿದ್ದ ದೊಡ್ಡ ಅಂಗಡಿ ಈಗ ಬರುವುದಿಲ್ಲ ಎಂದಿದೆ. ‘ಅಂಗಡಿ ಕೆಳಗೆ, ಮನೆ ಮೇಲೆ, ನಿಮಗೇನೂ ತೊಂದರೆಯಿಲ್ಲ’ ಎನ್ನುತ್ತಿದ್ದಾರೆ ಬಿಲ್ಡರ್. ನಂಬಬಹುದಾ?

ಅಷ್ಟು ಸುಲಭಕ್ಕೆ ನಂಬಬೇಡಿ. ಹಾಗಂತ ಇವತ್ತೇ ಬುಕಿಂಗ್ ರದ್ದು ಮಾಡಲೂ ಹೋಗಬೇಡಿ. ಅಂಗಡಿಗಳ ಲೀಸ್ ಪತ್ರ ನೋಡುವುದೇ ನನ್ನ ಕೆಲಸ. ಇಂಥ ಸುದ್ದಿ ಬಂದಾಗ ಮನೆ ಕೊಂಡವರಿಗೆ ಯಾರೂ ಸರಿಯಾಗಿ ಬಿಡಿಸಿ ಹೇಳುವುದಿಲ್ಲ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ದೊಡ್ಡ ಅಂಗಡಿ ಹೋದರೆ ದೊಡ್ಡ ಬಾಡಿಗೆ ಹೋಯಿತು, ನಷ್ಟ ಅಷ್ಟೇ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ಆಂಕರ್ ಎಂದು ಕರೆಯುವ ಈ ದೊಡ್ಡ ಅಂಗಡಿಗಳು ಚದರಡಿ ಲೆಕ್ಕದಲ್ಲಿ ಸಾಮಾನ್ಯವಾಗಿ ಪಕ್ಕದ ಸಣ್ಣ ಅಂಗಡಿಗಿಂತ ಕಡಿಮೆ ಬಾಡಿಗೆ ಕೊಡುತ್ತವೆ. ಒಳಗಿನ ಕೆಲಸದ ಖರ್ಚಿನಲ್ಲಿ ಒಂದು ಪಾಲನ್ನು ಬಿಲ್ಡರೇ ಕೊಡುವುದೂ ಉಂಟು. ಇಷ್ಟೆಲ್ಲ ಬಿಟ್ಟುಕೊಟ್ಟು ಅವರನ್ನು ಕರೆಯುವುದು ಅವರ ಸಹಿಗಾಗಿ. ಆ ಸಹಿ ನೋಡಿ ಬ್ಯಾಂಕ್ ಸಾಲ ಕೊಡುತ್ತದೆ. ಆ ಹೆಸರು ನೋಡಿ ಸಣ್ಣ ಅಂಗಡಿಗಳು ಬರುತ್ತವೆ. ನಿಮ್ಮ ಬ್ರೋಷರಿನಲ್ಲೂ ಆ ಹೆಸರು ದೊಡ್ಡದಾಗಿಯೇ ಇತ್ತು, ಅಲ್ವಾ?

ಈಗ ಆ ಸಹಿ ಇಲ್ಲ. ಸಾಲದ ಪತ್ರದಲ್ಲಿ ‘ಇಷ್ಟು ಭಾಗ ಮೊದಲೇ ಲೀಸ್ ಆಗಿರಬೇಕು’ ಎಂಬ ಷರತ್ತಿದ್ದರೆ ಬ್ಯಾಂಕ್ ಮುಂದಿನ ಕಂತು ತಡೆಹಿಡಿಯಬಹುದು. ಸಣ್ಣ ಅಂಗಡಿಗಳ ಲೀಸಿನಲ್ಲಿ ಕೋ-ಟೆನೆನ್ಸಿ ಎಂಬ ಷರತ್ತು ಇರುವುದೂ ಸಾಮಾನ್ಯ. ಆಂಕರ್ ತೆರೆಯದಿದ್ದರೆ ಅವರು ಕಡಿಮೆ ಬಾಡಿಗೆ ಕೊಡಬಹುದು, ಕೆಲವರು ಬಿಟ್ಟೇ ಹೋಗಬಹುದು. ಕೆಳಗಿನ ಅಂಗಡಿಗೂ ಮೇಲಿನ ಮನೆಗೂ ಒಂದೇ ಸಾಲ, ಒಂದೇ ಗುತ್ತಿಗೆದಾರ ಇದ್ದರೆ, ಕೆಳಗೆ ದುಡ್ಡು ನಿಂತಾಗ ಮೇಲೆ ಕಾಂಕ್ರೀಟೂ ನಿಲ್ಲುತ್ತದೆ. ‘ನಿಮಗೇನೂ ತೊಂದರೆಯಿಲ್ಲ’ ಎಂಬ ಮಾತು ಸುಳ್ಳಾಗುವುದು ಇಲ್ಲೇ.

ಹಾಗಾಗಿ ನೀವು ಮೊದಲು ತಿಳಿಯಬೇಕಾದ್ದು, ಅವರು ಯಾಕೆ ಹೋದರು ಎಂಬುದು. ಅಂಗಡಿಗೇ ಕಷ್ಟ ಬಂದು ಹೋಗಿದ್ದರೆ ಅದು ಒಂದು ಕಥೆ. ನ್ಯೂಯಾರ್ಕಿನಲ್ಲಿ ಮಾಲ್, ಆಫೀಸು, ಮನೆಗಳ ಗೋಪುರಗಳೆಲ್ಲ ಒಟ್ಟಿಗಿರುವ ಹಡ್ಸನ್ ಯಾರ್ಡ್ಸ್ ನೋಡಿ. 2019ರ ಮಾರ್ಚಿನಲ್ಲಿ ಅದರ ಮಾಲ್ ತೆರೆದಾಗ ನೀಮನ್ ಮಾರ್ಕಸ್ ಅಲ್ಲಿನ ಮುಖ್ಯ ಅಂಗಡಿ. 2020ರ ಮೇ ತಿಂಗಳಲ್ಲಿ ಆ ಕಂಪನಿ ದಿವಾಳಿ ಅರ್ಜಿ ಹಾಕಿತು, ಹಡ್ಸನ್ ಯಾರ್ಡ್ಸಿನ ಅಂಗಡಿಯನ್ನೂ ಅದೇ ವರ್ಷ ಬಿಟ್ಟಿತು. ಅಷ್ಟು ದೊಡ್ಡ ಜಾಗ ಖಾಲಿಯಾಯಿತು, ನಿಜ. ಆದರೆ ಸುತ್ತಲಿನ ಹಲವು ಗೋಪುರಗಳು ಆ ಹೊತ್ತಿಗೆ ಎದ್ದು ನಿಂತಿದ್ದವು, ಜನ ವಾಸಕ್ಕೆ ಬಂದಿದ್ದರು.

ಕಟ್ಟಡ ಸಮಯಕ್ಕೆ ಸಿಗಲಿಲ್ಲ ಎಂದು ಹೋಗಿದ್ದರೆ ಮಾತ್ರ ಎಚ್ಚರವಾಗಿ. ಇಂಥ ಲೀಸುಗಳಲ್ಲಿ ಒಂದು ಕೊನೆಯ ದಿನಾಂಕ ಇರುತ್ತದೆ. ಅಷ್ಟರೊಳಗೆ ಜಾಗ ಕೈಗೆ ಬರದಿದ್ದರೆ ದಂಡ ಕಟ್ಟದೆ ಹೊರಡಬಹುದು. ಆ ದಿನಾಂಕ ದಾಟಿದ ಮೇಲೂ ಎಷ್ಟೋ ಅಂಗಡಿಗಳು ಬಾಡಿಗೆ ಇಳಿಸಿಕೊಂಡು ಕಾಯುತ್ತವೆ, ಯಾಕೆಂದರೆ ಹೊಸ ಜಾಗ ಹುಡುಕುವುದು ಅವರಿಗೂ ತಲೆನೋವು. ಕಾಯದೆ ಹೊರಟರು ಎಂದರೆ ಈ ಕೆಲಸ ಬೇಗ ಮುಗಿಯುವ ನಂಬಿಕೆ ಅವರಿಗಿಲ್ಲ ಎಂದೇ ನಾನು ಓದುತ್ತೇನೆ. ಅವರ ಎಂಜಿನಿಯರುಗಳು ಸೈಟಿಗೆ ಹೋಗಿ ಬರುತ್ತಿರುತ್ತಾರೆ. ನಿಮಗೆ ತೋರಿಸದ್ದೆಲ್ಲ ಅವರು ನೋಡಿರುತ್ತಾರೆ.

ಬಾಸ್ಟನ್ನಿನ ಡೌನ್‌ಟೌನ್ ಕ್ರಾಸಿಂಗ್‌ನಲ್ಲಿ ನಡೆದದ್ದು ನಿಮ್ಮ ಸ್ಥಿತಿಗೆ ಇನ್ನೂ ಹತ್ತಿರ. ಅಲ್ಲಿ ಫೈಲೀನ್ಸ್ ಬೇಸ್‌ಮೆಂಟ್ ಎಂಬ ಹಳೆಯ, ಹೆಸರುವಾಸಿ ಅಂಗಡಿ ಇತ್ತು. ಹೊಸ ಟವರಿಗಾಗಿ 2007ರಲ್ಲಿ ಅದನ್ನು ಮುಚ್ಚಿದರು, ಕೆಲಸ ಮುಗಿದ ಮೇಲೆ ಅದು ಅಲ್ಲಿಗೇ ವಾಪಸ್ ಬರಬೇಕಿತ್ತು. 2008ರಲ್ಲಿ ಹಣ ನಿಂತು ಕೆಲಸ ನಿಂತಿತು. ಊರಿನ ನಡುವೆ ವರ್ಷಗಟ್ಟಲೆ ಒಂದು ಗುಂಡಿ ಉಳಿಯಿತು. ಅಂಗಡಿ ಕಾಯುತ್ತಲೇ 2009ರಲ್ಲಿ ದಿವಾಳಿ ಅರ್ಜಿ ಹಾಕಿತು, ಬೇರೆಯವರ ಕೈಗೆ ಹೋಯಿತು, 2011ರ ಕೊನೆಗೆ ಪೂರ್ತಿ ಮುಚ್ಚುವ ಹಂತಕ್ಕೆ ಬಂತು. ಆಮೇಲೆ ಬೇರೆ ಡೆವಲಪರ್ ಬಂದು 60 ಮಹಡಿಯ ಮಿಲೇನಿಯಮ್ ಟವರ್ ಕಟ್ಟಿದರು, 2016ರಲ್ಲಿ ಮುಗಿಯಿತು. ಪಕ್ಕದಲ್ಲಿ ಉಳಿಸಿಕೊಂಡ ಹಳೆಯ ಕಟ್ಟಡಕ್ಕೆ 2015ರಲ್ಲಿ ಪ್ರೈಮಾರ್ಕ್ ಎಂಬ ಬಟ್ಟೆ ಅಂಗಡಿ ಬಂತು. ಅಂದರೆ ಜಾಗ ಸಾಯಲಿಲ್ಲ. ಆದರೆ ಮೊದಲ ಡೆವಲಪರ್, ಮೊದಲ ನಕ್ಷೆ, ಮೊದಲ ಅಂಗಡಿ, ಮೂರೂ ಉಳಿಯಲಿಲ್ಲ. ಮುಂಗಡ ಕೊಟ್ಟು ಕಾಯುವವರಿಗೆ ಅಷ್ಟು ವರ್ಷ ತಡೆದುಕೊಳ್ಳುವುದು ಎಷ್ಟು ಕಷ್ಟ ಯೋಚಿಸಿ.

‘ಬೇರೆ ಅಂಗಡಿ ತರುತ್ತೇವೆ’ ಎಂದು ನಿಮ್ಮ ಬಿಲ್ಡರ್ ಖಂಡಿತ ಹೇಳುತ್ತಾರೆ. ತರಬಹುದು. ಆದರೆ ಆ ಮಹಡಿಗಳನ್ನು ಒಬ್ಬರ ಅಳತೆಗೆ ಮಾಡಿರುತ್ತಾರೆ: ಕಂಬಗಳ ಅಂತರ, ಸೀಲಿಂಗ್ ಎತ್ತರ, ಎಸ್ಕಲೇಟರ್ ಜಾಗ, ಸರಕಿನ ಲಿಫ್ಟ್, ಲಾರಿ ನಿಲ್ಲುವ ಕಟ್ಟೆ. ಒಂದು ದೊಡ್ಡ ಜಾಗವನ್ನು ಹತ್ತು ಸಣ್ಣದು ಮಾಡಬೇಕಾದರೆ ಹತ್ತು ಬಾಗಿಲು, ಹೊಸ ಬೆಂಕಿ ಸುರಕ್ಷತೆಯ ದಾರಿ, ಹೊಸ ಶೌಚಾಲಯ ಬೇಕು. ನಕ್ಷೆಗೆ ಮತ್ತೆ ಅನುಮತಿ ಬೇಕಾಗಬಹುದು. ಆಫೀಸು ಮಾಡಿದರೆ ಪಾರ್ಕಿಂಗ್, ಲಿಫ್ಟ್ ಲೆಕ್ಕವೂ ಬದಲಾಗುತ್ತದೆ. ಇದ್ಯಾವುದೂ ಬೇಗ ಆಗುವ ಕೆಲಸವಲ್ಲ.

ಬಿಲ್ಡರಿಗೆ ಫೋನ್ ಮಾಡಬೇಡಿ, ಬರೆದು ಕೇಳಿ, ಬರೆದೇ ಉತ್ತರ ಪಡೆಯಿರಿ. ಅಂಗಡಿ ಯಾವ ಷರತ್ತಿನ ಮೇಲೆ ಹೋಯಿತು? ಬ್ಯಾಂಕ್ ಈಗಲೂ ಸಾಲದ ಕಂತು ಬಿಡುತ್ತಿದೆಯೇ? ನಾವು ಕೊಟ್ಟ ಹಣ ಬೇರೆ ಖಾತೆಯಲ್ಲಿದೆಯೇ, ಇಲ್ಲಾ ಇಡೀ ಕಟ್ಟಡದ ಖರ್ಚಿಗೆ ಹೋಗುತ್ತಿದೆಯೇ? ಗುತ್ತಿಗೆದಾರನಿಗೆ ಬಾಕಿ ಎಷ್ಟಿದೆ? ಕೆಳಗಿನ ಮಹಡಿ ಖಾಲಿ ಬಿದ್ದರೆ ಅದರ ಮೇಂಟೆನೆನ್ಸ್ ಪಾಲು ಯಾರ ತಲೆಗೆ? ಈ ಕೊನೆಯದನ್ನು ಜನ ಮರೆಯುತ್ತಾರೆ. ಮನೆ ಸಿಕ್ಕ ಮೇಲೂ ಕಾಡುವುದು ಅದೇ.

ಸಾಲದ ವಿಷಯಕ್ಕೆ ನೇರ ಉತ್ತರ ಬಾರದಿದ್ದರೆ ನನಗೆ ಅದೇ ಜಾಸ್ತಿ ಭಯ. ಆಗ ಬುಕ್ ಮಾಡಿದ ಬೇರೆಯವರನ್ನು ಸೇರಿಸಿಕೊಂಡು ಒಬ್ಬ ವಕೀಲರ ಹತ್ತಿರ ಹೋಗಿ. ಒಪ್ಪಂದದಲ್ಲಿ ಕೆಲಸದ ಹಂತಕ್ಕೆ ತಕ್ಕಂತೆ ಕಂತು ಎಂದಿದ್ದರೆ, ಹಂತ ಮುಗಿದ ಸರ್ಟಿಫಿಕೇಟ್ ನೋಡದೆ ಮುಂದಿನ ಕಂತು ಕಟ್ಟಬೇಡಿ. ಆದರೆ ಸುಮ್ನೆ ಕಂತು ನಿಲ್ಲಿಸಿದರೆ ತಪ್ಪು ನಿಮ್ಮದೇ ಆಗಿಬಿಡಬಹುದು. ನಿಲ್ಲಿಸುವ ಮೊದಲು ಕಾರಣ ಬರೆದು ಕಳಿಸಿ. ಮೊದಲು ನಿಮ್ಮ ಒಪ್ಪಂದದ ರದ್ದತಿ ಷರತ್ತನ್ನೂ ಪೊಸೆಷನ್ ದಿನಾಂಕವನ್ನೂ ಓದಿ. ಹೆಸರು, ಸಹಿ ಮರೆಮಾಡಿ ಆ ಎರಡು ಪ್ಯಾರಾಗಳನ್ನು ಇಲ್ಲಿ ಹಾಕಿದರೆ ನಾನೂ ನೋಡಿ ಹೇಳುತ್ತೇನೆ.